ಮಂಜುಗಡ್ಡೆ ತೇಲಲು ಕಲಿತದ್ದು

ಲೋಕಕ್ಕೆ ಬಳಿದ ಬಣ್ಣ ಇನ್ನೂ ಒಣಗಿರಲಿಲ್ಲ. ಬೆಟ್ಟವನ್ನು ಮುಟ್ಟಿದರೆ ಕೈಗೆ ಹಸಿರು ಅಂಟುತ್ತಿತ್ತು. ಸೂರ್ಯ ಕೆಲಸಕ್ಕೆ ಹೊಸಬ. ತಡವಾಗಿ ಬಂದು ಬೇಗ ಮನೆಗೆ ಹೋಗುತ್ತಿದ್ದ. ಕಲ್ಲು, ಗಾಳಿ, ಮೀನು, ನೀರು ಎಲ್ಲಕ್ಕೂ ಮಾತು ಬರುತ್ತಿತ್ತು. ಹಾಗಾಗಿ ಗಲಾಟೆಯೂ ಸ್ವಲ್ಪ ಜಾಸ್ತಿಯೇ ಇತ್ತು.

ಆಗ ಒಂದು ಕೊಳವಿತ್ತು. ಆ ಕೊಳದ ನೀರಿನೊಳಗೆ ನೀರಮಂದಿ ಇದ್ದರು.

ನೀರಮಂದಿ ಅಂದರೆ ಯಾರು? ಒಂದು ಹನಿ ನೀರನ್ನು ಒಡೆಯಬೇಕು. ಒಡೆದದ್ದನ್ನು ಮತ್ತೆ ಒಡೆಯಬೇಕು. ಇನ್ನು ಒಡೆದರೆ ಅದು ನೀರೇ ಅಲ್ಲ ಅನ್ನುವಲ್ಲಿಗೆ ಬಂದು ನಿಲ್ಲಬೇಕು. ಅಲ್ಲಿ ಸಿಗುವವರೇ ನೀರಮಂದಿ. ಶಾಲೆಯಲ್ಲಿ ಇವರನ್ನು ನೀರಿನ ಅಣು ಅನ್ನುತ್ತಾರೆ. ಸಾಸಿವೆ ಕಾಳಿನಷ್ಟು ಹನಿಯಲ್ಲಿ ಇವರು ಎಷ್ಟು ಜನ ಎಂದು ಎಣಿಸಲು ಒಂದು ಆಮೆ ಕೂತಿತು. ಅದು ಇನ್ನೂ ಎದ್ದಿಲ್ಲ.

ನೀರಮಂದಿ ಎಲ್ಲರೂ ಒಂದೇ ಅಚ್ಚು. ಗುಂಡನೆಯ ಮೈ, ಮುಂದೆ ಎರಡು ಪುಟ್ಟ ಕೈ, ಹಿಂದೆ ಎರಡು ಜಡೆ. ದಿನವಿಡೀ ಅವರಿಗೆ ಒಂದೇ ಆಟ. ಎದುರು ಸಿಕ್ಕವಳ ಜಡೆ ಹಿಡಿಯುವುದು, ಬಿಡುವುದು, ಇನ್ನೊಬ್ಬಳ ಜಡೆ ಹಿಡಿಯಲು ಓಡುವುದು. ಹಿಡಿ, ಬಿಡು, ಓಡು. ಹಿಡಿ, ಬಿಡು, ಓಡು. ಹಿಡಿಯುವುದರಿಂದ ಹನಿ ಚೆದುರಿ ಹೋಗುತ್ತಿರಲಿಲ್ಲ. ಬಿಡುವುದರಿಂದ ನೀರು ಹರಿಯುತ್ತಿತ್ತು.

ಹಿಡಿದ ಜಡೆಯನ್ನು ಕಣ್ಣು ಮಿಟುಕಿಸುವುದರೊಳಗೆ ಬಿಡಬೇಕು. ಅದು ನೀರಮಂದಿಯ ಮರ್ಯಾದೆ. ಅದನ್ನು ಕಲಿಯದವಳು ಇಡೀ ಕೊಳದಲ್ಲಿ ಒಬ್ಬಳೇ. ಅವಳ ಹೆಸರು ಮಿಣುಕಿ.

ಮಿಣುಕಿ ಕೆಟ್ಟವಳಲ್ಲ. ಯಾರದೋ ಜಡೆ ಹಿಡಿದಿರುವಾಗ ಇನ್ಯಾರೋ ಮಾತಾಡುತ್ತಿದ್ದರೆ ಕೇಳುತ್ತಾ ನಿಂತುಬಿಡುತ್ತಿದ್ದಳು. ಕೈ ಬಿಡಲು ಮರೆತೇ ಹೋಗುತ್ತಿತ್ತು. ದಿನಕ್ಕೆ ನೂರು ಸಲ ಬೈಸಿಕೊಳ್ಳುತ್ತಿದ್ದಳು. ಕೊಳದ ಹಿರಿಯಳಾದ ದೊಡ್ಡವ್ವನಿಗಂತೂ ಇವಳಿಗೆ ಬುದ್ಧಿ ಹೇಳಿ ಹೇಳಿ ಸಾಕಾಗಿತ್ತು.

“ಹಿಡಿಯೋದು ಯಾರಿಗ್ ಬರಲ್ಲ ಕಣೇ? ಬಿಡೋದು ಕಲಿ,” ಅನ್ನುತ್ತಿದ್ದಳು.

“ಹೂಂ ದೊಡ್ಡವ್ವ,” ಅನ್ನುತ್ತಿದ್ದಳು ಮಿಣುಕಿ, ದೊಡ್ಡವ್ವನ ಜಡೆಯನ್ನೇ ಹಿಡಿದುಕೊಂಡು.

ಹೀಗಿರುವಾಗ ಆ ಲೋಕಕ್ಕೆ ಮೊದಲ ಚಳಿಗಾಲ ಬಂತು. ಅದನ್ನು ತಂದವಳು ಮಾಗಿ ಅಜ್ಜಿ. ಬೂದು ಕಂಬಳಿ ಹೊದ್ದು, ಕೋಲು ಊರಿಕೊಂಡು, ಊರಿಂದೂರಿಗೆ ನಡೆಯುತ್ತಿದ್ದಳು. ಅವಳ ಕೋಲು ಯಾರಿಗೆ ತಗುಲಿತೋ ಅವರಿಗೆ ಮೂರು ಕಟ್ಟಳೆ. ಕುಗ್ಗು. ಗಟ್ಟಿಯಾಗು. ತಳ ಸೇರು.

ತುಪ್ಪ ಕೇಳಿತು. ಕುಗ್ಗಿ, ಗಟ್ಟಿಯಾಗಿ, ಗಡಿಗೆಯ ತಳ ಸೇರಿತು. ಕೊಬ್ಬರಿ ಎಣ್ಣೆ ಕೇಳಿತು. ಜೇನುಮೇಣ ಕೇಳಿತು. ಯಾರಿಗೂ ತೊಂದರೆಯಾಗಲಿಲ್ಲ. ತುಪ್ಪದ ಗಡಿಗೆಯ ತಳದಲ್ಲಿ ಯಾರೂ ಸಂಸಾರ ಮಾಡುವುದಿಲ್ಲವಲ್ಲ.

ಆದರೆ ಕೊಳದ ತಳದಲ್ಲಿ ಸಂಸಾರಗಳಿದ್ದವು.

ಮಾಗಿ ಅಜ್ಜಿ ಕೊಳದ ಮೇಲೆ ಕೋಲು ಇಟ್ಟಳು. ಮೇಲಿನ ಸಾಲಿನ ನೀರಮಂದಿ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿ, ಜಡೆಯನ್ನು ಸುತ್ತಿಕೊಂಡು, ಬೆನ್ನಿಗೆ ಬೆನ್ನು ಒತ್ತಿ ಮುದುಡಿದರು. ಮುದುಡಿ ಗಡ್ಡೆಯಾದರು. ಗಡ್ಡೆ ಭಾರವಾಗಿ ಕೆಳಗೆ ಹೋಗಿ ಬಿತ್ತು. ಮರುದಿನ ಅದರ ಕೆಳಗಿನ ಸಾಲು. ಅದರ ಮರುದಿನ ಇನ್ನೊಂದು ಸಾಲು. ಕೊಳ ತಳದಿಂದ ತುಂಬುತ್ತಾ ಬಂತು.

ಆ ತಳದಲ್ಲಿ ಗೆಂಡೆಮ್ಮ ಎಂಬ ಗೆಂಡೆ ಮೀನು ಮೊಟ್ಟೆ ಇಟ್ಟಿದ್ದಳು. ಒಂದು ಬೊಗಸೆ ಮೊಟ್ಟೆ. ಯಾವ ತಾಯಿಯೂ ಮಾಡುವ ಹಾಗೆ ಎಲ್ಲಕ್ಕಿಂತ ಆಳದ, ಎಲ್ಲಕ್ಕಿಂತ ಭದ್ರವಾದ ಜಾಗ ನೋಡಿ ಇಟ್ಟಿದ್ದಳು. ಮೊದಲ ಗಡ್ಡೆ ಬಿದ್ದದ್ದು ಅಲ್ಲಿಗೇ.

ಉಳಿದ ಮೊಟ್ಟೆಗಳನ್ನು ಬಾಯಲ್ಲಿ ತುಂಬಿಕೊಂಡು ಗೆಂಡೆಮ್ಮ ಮೇಲಿನ ಮೆಟ್ಟಿಲಿಗೆ ಸಾಗಿಸಿದಳು. ಅಲ್ಲಿಗೂ ಗಡ್ಡೆ ಬಿತ್ತು. ಇನ್ನೂ ಮೇಲಕ್ಕೆ ಸಾಗಿಸಿದಳು. ಅಲ್ಲಿಗೂ ಬಿತ್ತು. ಹೀಗೆ ಸಾಗಿಸಿ ಸಾಗಿಸಿ, ದಡದ ಪಕ್ಕ ಒಂದು ಕಲ್ಲಿನ ಗುಳಿಗೆ ಬಂದು ಸೇರಿದಳು. ಗುಳಿಯ ಮೇಲೆ ಇದ್ದದ್ದು ಒಂದು ಗೇಣು ನೀರು. ಬಾಯಲ್ಲಿ ಉಳಿದದ್ದು ಒಂದು ಹಿಡಿ ಮೊಟ್ಟೆ.

ಆ ಮಧ್ಯಾಹ್ನ ಮಿಣುಕಿ ಗುಳಿಯ ಮೇಲೆಯೇ ಆಡುತ್ತಿದ್ದಳು. ಗೆಂಡೆಮ್ಮ ಮೊಟ್ಟೆಗಳನ್ನು ಮೆಲ್ಲಗೆ ಗುಳಿಯೊಳಗೆ ಉಗುಳಿದಳು. ಬಾಯಿ ಖಾಲಿಯಾದ ಮೇಲೆ ಮಾತಾಡಿದಳು.

“ಮಿಣುಕವ್ವ, ನಾಳೆ ಬೆಳಿಗ್ಗೆ ನಿಮ್ ಸಾಲಿನ ಸರದಿಯಂತೆ. ಹೌದಾ?”

“ಹೌದು ಗೆಂಡೆಮ್ಮ.”

“ನೀವು ಬೀಳೋದು ಇಲ್ಲಿಗೇ ಅಲ್ವಾ?”

ಮಿಣುಕಿ ಕೆಳಗೆ ನೋಡಿದಳು. ಗುಳಿ ನೆಟ್ಟಗೆ ಅವಳ ಕೆಳಗೇ ಇತ್ತು.

“ಇನ್ನು ಹೊತ್ಕೊಂಡು ಹೋಗೋಕೆ ಜಾಗ ಇಲ್ಲ ಕಣವ್ವ,” ಅಂದಳು ಗೆಂಡೆಮ್ಮ. “ಮೇಲೆ ದಡ, ಕೆಳಗೆ ಗಡ್ಡೆ. ನೀನು ಬಿದ್ರೆ ನಾನೇನೂ ಬೈಯಲ್ಲ. ನಿಮ್ ಕಟ್ಟಳೆ ನಿಮಗೆ. ಬೀಳೋಕ್ ಮುಂಚೆ ಒಂದ್ ಕೂಗು ಹಾಕು, ಸಾಕು. ನಾನು ಇವುಗಳ ಮೇಲೆ ಅಡ್ಡ ಮಲಗ್ತೀನಿ.”

“ನಾನು ಬೀಳಲ್ಲ,” ಅಂದುಬಿಟ್ಟಳು ಮಿಣುಕಿ.

ಹೇಗೆ ಬೀಳದೆ ಇರುವುದು ಎಂದು ಅವಳಿಗೆ ಗೊತ್ತಿರಲಿಲ್ಲ. ಮಾತು ಮಾತ್ರ ಬಾಯಿಂದ ಹೊರಟುಹೋಗಿತ್ತು. ನೇರ ದೊಡ್ಡವ್ವನ ಹತ್ತಿರ ಓಡಿದಳು.

“ದೊಡ್ಡವ್ವ, ಬೀಳದೆ ಇರೋಕೆ ಏನ್ ಮಾಡ್ಬೇಕು?”

“ಅದೆಲ್ಲಾ ಆಗೋ ಮಾತಲ್ಲ. ಚಳಿಗೆ ಮುದುಡಬೇಕು, ಮುದುಡಿದೋರು ಬೀಳಬೇಕು. ಲೋಕ ಹುಟ್ಟಿದಾಗಿಂದ ನಡ್ಕೊಂಡ್ ಬಂದಿರೋದು.”

“ಲೋಕ ಹುಟ್ಟಿ ಎಷ್ಟ್ ದಿನ ಆಯ್ತು ದೊಡ್ಡವ್ವ?”

ದೊಡ್ಡವ್ವ ಲೆಕ್ಕ ಹಾಕಿದಳು. “ಬರೋ ಹುಣ್ಣಿಮೆಗೆ ಎರಡು ತಿಂಗಳು,” ಅಂದಳು. ಹೇಳಿದ ಮೇಲೆ ಅದೇನು ಅಷ್ಟೊಂದು ಹಳೆಯದಲ್ಲ ಎಂದು ಅವಳಿಗೂ ಅನ್ನಿಸಿತು. ಆದರೆ ದೊಡ್ಡವರು ಅಂಥದ್ದನ್ನೆಲ್ಲ ಒಪ್ಪಿಕೊಳ್ಳುವುದಿಲ್ಲ.

ಬೆಳಗಾಯಿತು. ಸೂರ್ಯ ಇನ್ನೂ ಹಲ್ಲುಜ್ಜುತ್ತಿದ್ದ. ಮಾಗಿ ಅಜ್ಜಿ ಬಂದು ಕೋಲು ಇಟ್ಟಳು.

ದೊಡ್ಡವ್ವನೂ ಸೇರಿ ಮಿಣುಕಿಯ ಸಾಲಿನವರೆಲ್ಲ ಕೈ ಸಿಕ್ಕಿಸಿದರು, ಜಡೆ ಸುತ್ತಿಕೊಳ್ಳತೊಡಗಿದರು. ಮಿಣುಕಿಯೂ ಮುದುಡಿದಳು. ಮುದುಡುತ್ತಾ ಕೆಳಗೆ ನೋಡಿದಳು. ಗೆಂಡೆಮ್ಮ ಕೂಗಿಗೂ ಕಾಯದೆ ಮೊಟ್ಟೆಗಳ ಮೇಲೆ ಅಡ್ಡ ಮಲಗಿದ್ದಳು. ಕಣ್ಣು ಮಾತ್ರ ಮೇಲಕ್ಕೆ ಇತ್ತು.

ಮಿಣುಕಿಗೆ ಬಹಳ ಹೆದರಿಕೆಯಾಯಿತು. ಹೆದರಿದಾಗ ಅವಳು ಮಾಡುವುದು ಒಂದೇ ಕೆಲಸ. ಎರಡೂ ಕೈ ಚಾಚಿ, ಎದುರಿಗೆ ಸಿಕ್ಕ ಇಬ್ಬರ ಜಡೆಗಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಬಿಡೇ,” ಅಂದರು ಅವರು.

“ಬಿಡಲ್ಲ.”

“ಮರ್ಯಾದೆ ಇಲ್ವೇನೇ ನಿಂಗೆ?”

“ಇಲ್ಲ,” ಅಂದಳು ಮಿಣುಕಿ.

ಜಡೆ ಜಗ್ಗಿದ್ದಕ್ಕೆ ಆ ಇಬ್ಬರೂ ಮುಗ್ಗರಿಸಿದರು. ಮುಗ್ಗರಿಸಿದವರು ತಮ್ಮ ಕೈ ಚಾಚಿ ತಮ್ಮೆದುರಿನವರ ಜಡೆ ಹಿಡಿದರು. ಅವರು ಮುಗ್ಗರಿಸಿ ಇನ್ನೊಬ್ಬರ ಜಡೆ ಹಿಡಿದರು. ಹಿಂದಿನಿಂದ ಯಾರೋ ಇಬ್ಬರು ಬಂದು ಮಿಣುಕಿಯ ಎರಡು ಜಡೆಗೂ ಜೋತುಬಿದ್ದರು. ಅಷ್ಟರಲ್ಲಿ ಚಳಿ ಏರಿತು. ಚಾಚಿದ ಕೈಗಳೆಲ್ಲ ಸೆಟೆದು ಕೋಲಿನಂತೆ ನೆಟ್ಟಗಾದವು. ಬಿಡೋಣ ಅಂದರೂ ಬಿಡಲಾಗದು, ಮಡಚೋಣ ಅಂದರೂ ಮಡಚಲಾಗದು. ಒಬ್ಬರ ಹತ್ತಿರ ಒಬ್ಬರು ಬರುವಂತೆಯೇ ಇಲ್ಲ. ಎಲ್ಲರೂ ಒಂದು ತೋಳಿನಷ್ಟು ದೂರ.

ಆರು ಜನ ಸುತ್ತು ಬಂದು ಒಂದು ಬಳೆಯಾದರು. ಬಳೆಯ ನಡುವೆ ಖಾಲಿ ಜಾಗ. ಪಕ್ಕದಲ್ಲಿ ಇನ್ನಾರು ಜನರ ಬಳೆ, ಅದರ ನಡುವೆಯೂ ಖಾಲಿ ಜಾಗ. ಜೇನುಗೂಡಿನ ಕಣ್ಣುಗಳಂತೆ ಸಾಲಿನ ಉದ್ದಕ್ಕೂ ಬಳೆಗಳೇ. ಜನ ಅಷ್ಟೇ, ಹಿಡಿದ ಜಾಗ ಮಾತ್ರ ಜಾಸ್ತಿ. ಅಕ್ಕಿ ನೀರಲ್ಲಿ ಮುಳುಗುತ್ತದೆ. ಅದೇ ಅಕ್ಕಿ ಹುರಿದು ಪುರಿಯಾದರೆ ತೇಲುತ್ತದೆ. ಇದೂ ಹಾಗೆಯೇ ಆಯಿತು.

ಎಲ್ಲರೂ ಕಣ್ಣು ಮುಚ್ಚಿ ಬೀಳುವುದಕ್ಕೆ ಕಾದರು.

“ಬಿದ್ವಾ?” ಅಂತ ಕೇಳಿದಳು ದೊಡ್ಡವ್ವ.

“ಇಲ್ಲ ದೊಡ್ಡವ್ವ.”

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದಳು. “ಈಗ?”

“ಈಗ್ಲೂ ಇಲ್ಲ.”

ದೊಡ್ಡವ್ವ ಒಂದು ಕಣ್ಣು ತೆರೆದು ನೋಡಿದಳು. ಗಡ್ಡೆ ನೀರಿನ ಮೇಲೆಯೇ ನಿಂತಿತ್ತು. ಅವಳಿಗೆ ಎಷ್ಟು ಹಗುರವಾಯಿತೆಂದರೆ ನಗು ಬಂದುಬಿಟ್ಟಿತು. ಅವಳು ನಕ್ಕದ್ದನ್ನು ಕೊಳದಲ್ಲಿ ಯಾರೂ ಅದುವರೆಗೆ ಕಂಡಿರಲಿಲ್ಲ.

ಮಾಗಿ ಅಜ್ಜಿಗೆ ನಗು ಬರಲಿಲ್ಲ. ಕೋಲಿನಿಂದ ಗಡ್ಡೆಯನ್ನು ಕುಟ್ಟಿದಳು. “ಯಾಕ್ ಬಿದ್ದಿಲ್ಲ ನೀವು? ನಾನೇನ್ ಹೇಳಿದ್ದೆ?”

“ಗಟ್ಟಿಯಾಗು ಅಂದ್ರಿ, ಆಗಿದ್ದೀವಿ ಅಜ್ಜಿ,” ಅಂದಳು ಮಿಣುಕಿ.

“ಕುಗ್ಗು ಅಂದಿದ್ದೆ.”

“ಕುಗ್ಗುತ್ಲೇ ಇದ್ವಿ. ಕೊನೇ ಗಳಿಗೇಲಿ ನಾನು ಜಡೆ ಬಿಡ್ಲಿಲ್ಲ, ಅಷ್ಟೆ. ಕೆಳಗೆ ಗೆಂಡೆಮ್ಮ ಮಲಗವಳೆ ಅಜ್ಜಿ. ಮೊಟ್ಟೆ ಮೇಲೆ ಮಲಗವಳೆ. ಅವಳಿಗೆ ಬೀಳಲ್ಲ ಅಂತ ಮಾತು ಕೊಟ್ಟಿದ್ದೆ.”

ಮಾಗಿ ಅಜ್ಜಿ ಬಗ್ಗಿ ನೋಡಿದಳು. ಗಾಜಿನಂಥ ಗಡ್ಡೆಯ ಕೆಳಗೆ ಒಂದು ಮೀನು, ಮೀನಿನ ಕೆಳಗೆ ಒಂದು ಹಿಡಿ ಮೊಟ್ಟೆ.

“ನನಗೆ ಯಾರೂ ಹೇಳ್ಲಿಲ್ಲ,” ಅಂದಳು. “ನನ್ ಕಂಡ್ರೆ ಎಲ್ರೂ ಬಾಗಿಲು ಹಾಕ್ಕೊಳ್ತಾರೆ. ಹೇಳೋರು ಯಾರು?”

ಆಮೇಲೆ ಅವಳು ಕಾಲಿನಿಂದ ಗಡ್ಡೆಯನ್ನು ಒತ್ತಿ ನೋಡಿದಳು. ಅಲುಗಲಿಲ್ಲ. ಮೆಲ್ಲಗೆ ಅದರ ಮೇಲೆ ಕೂತಳು. ಲೋಕ ಹುಟ್ಟಿದಾಗಿನಿಂದ ನಡೆದೂ ನಡೆದೂ ಅವಳ ಕಾಲು ಬಾತಿದ್ದವು. ಅವಳಿಗೆ ಕೂರಲು ಸಿಕ್ಕ ಮೊದಲ ಜಾಗ ಅದು. ಕಾಲು ಚಾಚಿ, ಕಂಬಳಿ ಸರಿಮಾಡಿಕೊಂಡು, ನಿಟ್ಟುಸಿರು ಬಿಟ್ಟಳು.

“ಹಿಂಗೇ ಇರಿ,” ಅಂದಳು. “ನಾನು ಮೇಲೆ ಕೂತಿರ್ತೀನಿ. ನನ್ ಚಳಿ ಕೆಳಗಿಳೀದಂಗೆ ನೀವು ಹಿಡ್ಕೊಳ್ಳಿ. ತುಪ್ಪ, ಎಣ್ಣೆಗೆಲ್ಲ ಹಳೇ ಕಟ್ಟಳೆನೇ ಇರ್ಲಿ, ನಿಮಗೆ ಮಾತ್ರ ಇದು. ಆದ್ರೆ ನೀವು ಕೈ ಚಾಚೋವಾಗ ಯಾರಾದ್ರೂ ಅಡ್ಡ ಬಂದ್ರೆ ಅದು ನಿಮ್ ಜಗಳ. ನನ್ ಹತ್ರ ದೂರು ತರಬೇಡಿ.”

ಆ ಜಗಳ ಇಂದಿಗೂ ಮುಗಿದಿಲ್ಲ. ಬಾಯಿವರೆಗೆ ನೀರು ತುಂಬಿ ಮುಚ್ಚಳ ಬಿಗಿದು ಫ್ರಿಜ್ಜಿನ ಐಸಿನ ಗೂಡಿಗೆ ಇಟ್ಟ ಗಾಜಿನ ಬಾಟಲಿ ಒಡೆಯುವುದು ಅದಕ್ಕೇ.

ಅಜ್ಜಿಯ ಮಾತು ಕೊಳದ ಕೆಳಗೂ ಕೇಳಿಸಿತು. ಹಿಂದಿನ ದಿನಗಳಲ್ಲಿ ಬಿದ್ದು ತಳ ಸೇರಿದ್ದವರೂ ಕಂಕುಳಿಂದ ಕೈ ತೆಗೆದು ಚಾಚಿದರು. ಒಂದೊಂದೇ ಗಡ್ಡೆ ಬುಳುಕ್ ಬುಳುಕ್ ಎಂದು ಮೇಲೆದ್ದು ಬಂತು. ಕೊಳದ ತಳ ಮತ್ತೆ ಮೀನುಗಳದಾಯಿತು.

“ಗೆಂಡೆಮ್ಮ, ಏಳು,” ಅಂದಳು ಮಿಣುಕಿ. “ನಾನು ಬೀಳಲಿಲ್ಲ.”

ಗೆಂಡೆಮ್ಮ ಏಳಲಿಲ್ಲ. “ನಿಜವಾಗ್ಲೂ?” ಅಂದಳು.

“ನಿಜವಾಗ್ಲೂ.”

ಆಗ ಅವಳು ಮೆಲ್ಲಗೆ ಪಕ್ಕಕ್ಕೆ ಸರಿದಳು. ಮೊಟ್ಟೆಗಳನ್ನು ಎಣಿಸಿದಳು. ನಂಬಿಕೆಯಾಗದೆ ಇನ್ನೊಮ್ಮೆ ಎಣಿಸಿದಳು. ಆಮೇಲೆ ಅತ್ತಳು. ಮೀನು ಅತ್ತರೆ ನಮಗೆ ಕಾಣುವುದಿಲ್ಲ, ನೀರಮಂದಿಗೆ ಗೊತ್ತಾಗುತ್ತದೆ. ಅಂದು ಕೊಳದಲ್ಲಿ ಎಲ್ಲರಿಗೂ ಗೊತ್ತಾಯಿತು.

ಚಳಿಗಾಲವಿಡೀ ಮಿಣುಕಿ ನಿಂತಲ್ಲೇ ನಿಂತಳು. ಓಡಿ ಆಡುವವಳಿಗೆ ಅದು ಸುಲಭವಲ್ಲ. ತೋಳು ನೋಯುತ್ತಿತ್ತು. ಆದರೆ ಕೆಳಗೆ ನೋಡಿದಾಗಲೆಲ್ಲ ಗೆಂಡೆಮ್ಮ ನೆಮ್ಮದಿಯಾಗಿ ತೂಕಡಿಸುತ್ತಿದ್ದಳು. ಅದನ್ನು ಕಂಡಾಗ ಮಿಣುಕಿಗೆ ನೋವು ಮರೆತುಹೋಗುತ್ತಿತ್ತು. ಅವಳ ಎಡಜಡೆಗೆ ಜೋತುಬಿದ್ದಿದ್ದವಳು ಬೇರೆ ಯಾರೂ ಅಲ್ಲ, ದೊಡ್ಡವ್ವನೇ. “ಬಿಡಬೇಡ ಕಣೇ,” ಅಂತ ಈಗ ಅವಳೇ ದಿನಕ್ಕೆ ನೂರು ಸಲ ಹೇಳುತ್ತಿದ್ದಳು.

ಬಿಸಿಲು ಬಲಿತ ಮೇಲೆ ತೋಳುಗಳು ಸಡಿಲವಾದವು. ಮಾಗಿ ಅಜ್ಜಿ ಎದ್ದು, ಕಂಬಳಿ ಕೊಡವಿ, ಬರುವ ವರ್ಷಕ್ಕೂ ಈ ಜಾಗ ತನಗೇ ಇರಲಿ ಎಂದು ಹೇಳಿ ಹೋದಳು. “ಇನ್ನು ಬಿಡಬಹುದು,” ಅಂದಳು ದೊಡ್ಡವ್ವ. ಮಿಣುಕಿ ಕೈ ಬಿಟ್ಟಳು. ಅವಳ ಬೆರಳ ಸಂದಿಯಲ್ಲಿ ಗೆಂಡೆಮ್ಮನ ಒಂದು ಹಿಡಿ ಮರಿಗಳು ಕಚಗುಳಿ ಇಟ್ಟುಕೊಂಡು ಈಜಿಹೋದವು.

ಮಗು, ನಿನ್ನ ನಿಂಬೆ ಶರಬತ್ತಿನ ಲೋಟದಲ್ಲಿ ಐಸಿನ ತುಂಡು ತೇಲುತ್ತಿದೆಯಲ್ಲ, ಬೆರಳಿನಿಂದ ಒಮ್ಮೆ ಒತ್ತಿ ನೋಡು. ಮುಳುಗುತ್ತದೆ, ಬೆರಳು ತೆಗೆದ ಕೂಡಲೇ ಮೇಲೆ ಬರುತ್ತದೆ. ಲೋಟದ ತಳದಲ್ಲಿ ಇರುವುದು ಕರಗದೆ ಉಳಿದ ನಾಲ್ಕು ಕಾಳು ಸಕ್ಕರೆ. ಆದರೆ ಮೇಲೆ ಇರುವ ನೀರಮಂದಿಗೆ ಅದು ಗೊತ್ತಿಲ್ಲ. ಕೆಳಗೆ ಯಾರದೋ ಮೊಟ್ಟೆ ಇರಬಹುದೆಂದು ಒಬ್ಬರ ಜಡೆ ಒಬ್ಬರು ಹಿಡಿದುಕೊಂಡು, ಕರಗುವ ತನಕ ಬೀಳದೆ ನಿಂತಿದ್ದಾರೆ.