ಪುಟ್ಟಗಂಗಮ್ಮನ ರಬ್ಬರ್ ಹಸು

ಕೊಯ್ದಷ್ಟೂ ಚಿಗುರುವ ಸೀಮೆಹುಲ್ಲು, ಕುದುರೆಮೆಂತೆ ಮೇವು ಬೆಳೆದು, ಸಗಣಿಯ ಬದಲು ಅದನ್ನೇ ಕೊಚ್ಚಿ ಗ್ಯಾಸ್ ತೊಟ್ಟಿಗೆ ಸುರಿಯುತ್ತಿದ್ದಳು ಪುಟ್ಟಗಂಗಮ್ಮ. ತಪಾಸಣೆಗೆ ಬಂದ ಸಾಹೇಬರು ಗುಡುಗಿದರು: "ಹಸು ಇಲ್ಲದೆ ಗೋಬರ್ ಗ್ಯಾಸಾ? ನಾಳೆ ಹಸು ತೋರಿಸು, ಇಲ್ದಿದ್ರೆ ತೊಟ್ಟಿಗೆ ಬೀಗ!"

ಮರುದಿನ ಅವಳು ತೊಟ್ಟಿಯ ಗ್ಯಾಸ್ ತುಂಬಿ ಉಬ್ಬಿದ ರಬ್ಬರ್ ಚೀಲಕ್ಕೆ ಅರಿಸಿನ ಕುಂಕುಮ ಬಳಿದು, ಗಂಟೆ ಕಟ್ಟಿ ನಿಂತಿದ್ದಳು.

"ಏನಮ್ಮಾ ಇದು?"

"ಹಸು ಸ್ವಾಮಿ. ಮುಂದೆ ಹುಲ್ಲು ತಿನ್ತದೆ, ಹಿಂದೆ ಗೊಬ್ಬರ ಹಾಕ್ತದೆ. ಆ ಗೊಬ್ಬರವೇ ಹುಲ್ಲಿಗೆ."

"ಹಾಲು?"

"ತುಂಬುಗಬ್ಬ. ಹೊಟ್ಟೆ ನೋಡಿ! ಹತ್ರ ಹೋಗ್ಬೇಡಿ, ಒದೀತದೆ."

ಅಷ್ಟರಲ್ಲಿ ಚೀಲದ ಗ್ಯಾಸ್ ಕೊಳವೆ ಬುಸ್ಸೆಂದಿತು. ಸಾಹೇಬರು ಹಾರಿ ಹಿಂದೆ ಸರಿದರು. ಆಮೇಲೆ ಚೀಲದ ಬೆನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಜೀಪು ಹತ್ತುತ್ತಾ ಮೆಲ್ಲಗೆ ಹೇಳಿದರು:

"ಕರು ಹಾಕಿದ ಮೇಲೆ ಗಿಣ್ಣು ಕಳಿಸೋದು ಮರೀಬೇಡಮ್ಮ."