ಬೊಂಬೆ ಎತ್ತಿಡುವವಳು

"ಗುರುಗಳೇ, ನನ್ನ ಪ್ರೋಗ್ರಾಂ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಶುರುವಾಗುತ್ತದೆ. ಆದರೆ ನಡುನಡುವೆ ನಿಂತುಬಿಡುತ್ತದೆ. ಏನು ಮಾಡಲಿ?" ಎಂದು ಶಿಷ್ಯ ಇಂದುಧರ ಕೇಳಿದ.

ಆಂಬುಲೆನ್ಸಿಗೆ ಕರೆ ಮಾಡಿದವರ ಬಳಿಗೆ ಗಾಡಿ ಕಳಿಸುವ ಪ್ರೋಗ್ರಾಂ ಅದು. ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದದ್ದು. ಮೊದಲು ಅದು ಏಳುವುದು ನಿಧಾನವಾಗಿತ್ತು, ಓಡುತ್ತ ಓಡುತ್ತ ಕಲಿತು ಚುರುಕಾಗುತ್ತಿತ್ತು. ಇಂದುಧರ ಅದನ್ನು ಮುಂಚಿತವಾಗಿಯೇ ಪೂರ್ತಿ ಯಂತ್ರಭಾಷೆಗೆ ಇಳಿಸಿಟ್ಟ. ಅದಕ್ಕೆ ಕೊಟ್ಟಿದ್ದ ಮೆಮೊರಿಯನ್ನೂ ಕಡಿಮೆ ಮಾಡಿದ. ಈಗ ಮೆಮೊರಿ ಬೇಗ ತುಂಬುತ್ತಿತ್ತು. ತುಂಬಿದಾಗಲೆಲ್ಲ ಪ್ರೋಗ್ರಾಂ ಇದ್ದ ಕೆಲಸ ಬಿಟ್ಟು, ಬಳಸಿ ಮುಗಿದ ಮಾಹಿತಿಯ ಕಸವನ್ನು ಮೆಮೊರಿಯಿಂದ ಗುಡಿಸಲು ನಿಲ್ಲುತ್ತಿತ್ತು. ಅಷ್ಟು ಹೊತ್ತು ಕರೆ ಮಾಡಿದವರು ಜೀವ ಕೈಯಲ್ಲಿ ಹಿಡಿದು ಕಾಯಬೇಕಿತ್ತು.

"ಮೊದಲು ಈ ಕಸ ಯಾವಾಗ, ಹೇಗೆ ಗುಡಿಸಬೇಕೆಂದು ನೋಡಿಕೊಳ್ಳುತ್ತಿದ್ದವಳು ನಮ್ಮ ತಂಡದ ರತ್ನಾವತಿ. ಇನ್ನು ಅವಳ ಅಗತ್ಯವಿಲ್ಲವೆಂದು ಬೇರೆ ತಂಡಕ್ಕೆ ಕಳಿಸಿದೆ" ಎಂದೂ ಹೇಳಿದ.

"ನಿನಗೆ ಎಲ್ಲದಕ್ಕೂ ಅವಸರ. ಸ್ವಲ್ಪ ಕೂತು ಕೇಳು" ಎಂದು ಗುರುಗಳು ನಕ್ಕು, ಕತೆ ಹೇಳತೊಡಗಿದರು.

ಒಬ್ಬ ತೊಗಲುಬೊಂಬೆ ಆಡಿಸುವವನಿದ್ದ. ಪರದೆಯ ಹಿಂದೆ ಅವನ ಮಗ್ಗುಲಲ್ಲಿ ಹೆಂಡತಿ ಕೂತಿರುತ್ತಿದ್ದಳು. ಆಡಿಸಿ ಮುಗಿದ ಬೊಂಬೆಯನ್ನು ಅವನು ನೋಡದೆ ಕೆಳಗೆ ಬಿಡುತ್ತಿದ್ದ. ಮತ್ತೆ ಬರಬೇಕಾದ ಬೊಂಬೆಯನ್ನು ಅವಳು ಅವನ ಕೈಗೆಟಕುವಂತೆ ಇಡುತ್ತಿದ್ದಳು, ಉಳಿದದ್ದನ್ನು ಪೆಟ್ಟಿಗೆಗೆ ಸೇರಿಸುತ್ತಿದ್ದಳು. ಜನ ಎಲ್ಲಿ ನಕ್ಕರೆಂದು ಕಿವಿಯಲ್ಲಿ ಹೇಳುತ್ತಿದ್ದಳು. ಅಲ್ಲಿ ಅವನು ಕೋಡಂಗಿಯನ್ನು ಇನ್ನೊಂದು ಸುತ್ತು ಕುಣಿಸುತ್ತಿದ್ದ. ತಡವರಿಸುತ್ತ ಶುರುವಾದ ಆಟ ಹೋಗುತ್ತ ಹೋಗುತ್ತ ಕಳೆಗಟ್ಟುತ್ತಿತ್ತು.

ಗಾಡಿ ಕಟ್ಟಿ, ಸಾಮಾನು ಇಳಿಸಿ, ಆಟ ಶುರು ಮಾಡಲು ತಡವಾಗುತ್ತದೆಂದು ಜನ ಗೊಣಗಿದರು. ಅವನು ಮನೆಯಲ್ಲೇ ಬೊಂಬೆಗಳನ್ನು ಸಾಲಾಗಿ ಜೋಡಿಸಿಕೊಂಡ, ಮಾತುಗಳನ್ನೆಲ್ಲ ಗಟ್ಟಿ ಮಾಡಿಕೊಂಡ. ಒಂದು ಚೀಲ, ಒಂದು ಸೈಕಲ್ಲು, ಅಷ್ಟೇ ಸಾಕೆಂದ.

"ನೀನು ಮನೇಲೇ ಇರು. ಎತ್ತಿಡೋದೇನು ದೊಡ್ಡ ಕೆಲಸ?" ಎಂದ.

ಅವಳಿಗೆ ನೋವಾಯಿತು. ಆದರೂ ಅವನ ಚೀಲದ ದಾರ ಬಿಗಿದು ಕಟ್ಟಿ, "ಕಾಲಡಿ ನೋಡ್ಕೊಳಿ" ಎಂದಷ್ಟೇ ಹೇಳಿದಳು.

ದೀಪ ಹಚ್ಚುತ್ತಲೇ ಆಟ ಶುರುವಾಯಿತು. ಜನ ಭೇಷ್ ಎಂದರು. ಸ್ವಲ್ಪ ಹೊತ್ತಿಗೆ ಬೊಂಬೆಗಳು ಕಾಲ ಬಳಿ ಗುಡ್ಡೆಯಾದವು. ಜಾಗವೂ ಚಿಕ್ಕದು. ಅವನು ಆಟ ನಿಲ್ಲಿಸಿ ಒಂದೊಂದನ್ನೇ ಎತ್ತಿ, ಇದು ಮತ್ತೆ ಬರಬೇಕೇ ಬೇಡವೇ ಎಂದು ನೋಡಿ ಎತ್ತಿಟ್ಟ. ಪರದೆಯ ಮೇಲೆ ಬರೀ ಬೆಳಕು. ಮತ್ತೆ ಶುರು ಮಾಡಿದ, ಮತ್ತೆ ನಿಲ್ಲಿಸಿದ. ಜನ ಎಲ್ಲಿ ನಕ್ಕರು, ಎಲ್ಲಿ ಆಕಳಿಸಿದರು ಎಂಬುದೂ ಅವನಿಗೆ ತಿಳಿಯಲಿಲ್ಲ. ಕಡೆಗೆ ಪರದೆಯ ಮುಂದೆ ಯಾರೂ ಉಳಿಯಲಿಲ್ಲ.

ಮನೆಗೆ ಬಂದಾಗ ಅವಳು ಅನ್ನ ಬಡಿಸುತ್ತ, "ಆಟ ಹೆಂಗಾಯ್ತು?" ಎಂದು ಕೇಳಿದಳು.

"ಶುರು ಚೆನ್ನಾಗಿತ್ತು" ಎಂದ. "ನೀನಿಲ್ದೆ ನಂಗೆ ಕೂರೋಕೂ ಜಾಗ ಇರ್ಲಿಲ್ಲ ಕಣೇ."

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

"ಅಂದರೆ ನಾನು ಹಳೆಯ ಪದ್ಧತಿಗೇ ಹಿಂದಿರುಗಬೇಕೇ?" ಎಂದು ಇಂದುಧರ ಕೇಳಿದ.

"ಮರುದಿನವೂ ಅವನು ಆ ಹಗುರ ಚೀಲವನ್ನೇ ಒಯ್ದ. ಸೈಕಲ್ಲಿನ ಹಿಂದೆ ಅವಳು ಕೂತಿದ್ದಳು" ಎಂದ ಗುರುಗಳು ಶಿಷ್ಯನ ಮುಖವನ್ನೇ ನೋಡಿದರು. "ಕಸದ ವಿಷಯ ನನ್ನನ್ನು ಕೇಳಲು ಇಷ್ಟು ದೂರ ಬಂದೆಯಲ್ಲ, ರತ್ನಾವತಿಯನ್ನು ಕೇಳಿದೆಯಾ?"