ಎರಡು ಮೊಳದ ಎಲೆ

"ಕೆರೆ ಅಗೆದ ಆಳುಗಳಿಗೆ ಅರಸರು ಔತಣ ಹೇಳಿದ್ದಾರೆ. ತಲೆಗೆ ಎರಡು ಮೊಳದ ಎಲೆ ಹಾಕಿ ಅಂದಿದ್ದಾರೆ. ಹಾಕಿಯೂ ಹಾಕುತ್ತೇನೆ, ಅರ್ಧ ಅಕ್ಕಿ ಉಳಿಸಿಯೂ ತೋರಿಸುತ್ತೇನೆ," ಎಂದು ಬೆಳ್ಳಿಕೋಟೆ ಅರಮನೆಯ ಪಾರುಪತ್ಯಗಾರ ನರಹರಯ್ಯ ತುಂಬಿದ ಸಭೆಯಲ್ಲೇ ಮೀಸೆ ತಿರುವಿದ.

ವಿದೂಷಕ ಬೊಮ್ಮರಸನಿಗೆ ಆಗಲೇ ಗುಮಾನಿ. ಔತಣದ ದಿನ ಆಳುಗಳ ಪಂಕ್ತಿಯಲ್ಲೇ ಹೋಗಿ ಕೂತ. ನೋಡಿದರೆ ಎದುರಿಗೆ ಭರ್ಜರಿ ರಂಗೋಲಿ, ನಡುವೆ ಬಾಳೆಲೆಯ ಚೂರು. ಎಲೆ ಒಮ್ಮೆ ತುಂಬಿದರೆ ಮತ್ತೆ ಬಡಿಸುವಂತಿಲ್ಲ ಎಂದು ಅಪ್ಪಣೆ ಬೇರೆ. ಪಕ್ಕದಲ್ಲಿ ಮೂರು ತಿಂಗಳು ಮಣ್ಣು ಹೊತ್ತ ಮುದುಕನೊಬ್ಬ ನಾಲ್ಕು ತುತ್ತಿಗೇ ಊಟ ಮುಗಿಸಿ, ಖಾಲಿ ಎಲೆ ನೋಡುತ್ತ ಕೂತಿದ್ದ. ಬೊಮ್ಮರಸನಿಗೆ ಹಸಿವಿಗಿಂತ ಸಿಟ್ಟೇ ಹೆಚ್ಚಾಯಿತು.

ನೇರ ಅರಸನ ಬಳಿ ದೂರು ಒಯ್ದ. ಅರಸ ಕರೆಸಿ ಕೇಳಿದರೆ ನರಹರಯ್ಯ ತಡವರಿಸಲಿಲ್ಲ.

"ಪಕ್ಕದವರ ಎಂಜಲು ಸೋಕದಂತೆ ಹೊರಗೆ ಬಿಟ್ಟದ್ದು ಒಂದು ಗೇಣು. ರಂಗೋಲಿಯ ಅಂಚು ಒಂದು ಗೇಣು. ಅದರ ಪುಡಿ ಅನ್ನಕ್ಕೆ ಬೀಳದಿರಲೆಂದು ಒಳಗೆ ಬಿಟ್ಟದ್ದು ಒಂದು ಗೇಣು. ಎಲೆ ಒಂದು ಗೇಣು. ನಾಲ್ಕು ಗೇಣೆಂದರೆ ಎರಡು ಮೊಳ ತಾನೇ, ಪ್ರಭು?"

ಅರಸ ತಲೆದೂಗಿದ. ಅವನ ಊಟ ಆಗಿತ್ತು. ಉಂಡವರಿಗೆ ಎಲ್ಲ ಲೆಕ್ಕವೂ ಸರಿಯಾಗಿಯೇ ಕಾಣುತ್ತದೆ.

"ಭೇಷ್. ಇವನಿಗೆ ಎಂಟು ಮೊಳದ ರೇಷ್ಮೆ ಪಂಚೆ ಉಡುಗೊರೆ. ಬೊಮ್ಮರಸ, ನಾಳೆ ನೀನೇ ಕೊಡು."

"ಅಳತೆ ಇದೇ ತಾನೇ, ಪ್ರಭು?"

"ನನ್ನ ರಾಜ್ಯದಲ್ಲಿ ಎರಡು ಅಳತೆ ಇಲ್ಲ."

ಅರಸ ಕೊಟ್ಟ ಬಟ್ಟೆಯನ್ನು ಮಿಂದು, ಒದ್ದೆಯಲ್ಲೇ ಬಂದು ಪಡೆದು ಉಡುವುದು ಬೆಳ್ಳಿಕೋಟೆಯ ಪದ್ಧತಿ. ಮರುದಿನ ನರಹರಯ್ಯ ನೀರು ಸೋರುವ ಪಂಚೆಯಲ್ಲಿ ನಡುಗುತ್ತ ಬಂದ. ಸಭೆಯ ನೆಲದ ಮೇಲೆ ದೊಡ್ಡದೊಂದು ರಂಗೋಲಿ, ನಡುವೆ ಒಂದು ತುಂಡು ರೇಷ್ಮೆ.

"ಇದೇನಯ್ಯಾ, ಸೊಂಟಕ್ಕೆ ಒಂದು ಸುತ್ತಿಗೂ ಸಾಲದು."

"ಹೊರಗಿನಿಂದ ಅಳೆದುಕೊಳ್ಳಿ, ಅಯ್ಯನವರೇ. ಬಿಟ್ಟ ಜಾಗ, ಅಂಚು, ಒಳಜಾಗ, ಬಟ್ಟೆ, ಎಲ್ಲ ಸೇರಿ ಎಂಟು ಮೊಳಕ್ಕೆ ಒಂದು ಬೆರಳೂ ಕಡಿಮೆಯಿಲ್ಲ."

"ಇದನ್ನುಟ್ಟು ಮಾನ ಮುಚ್ಚುವುದು ಹೇಗೆ?"

"ಸಾಲದ ಕಡೆ ರಂಗೋಲಿ ಬಳಿದುಕೊಳ್ಳಿ," ಎಂದ ಬೊಮ್ಮರಸ. "ನಿನ್ನೆ ಅಷ್ಟು ಜನ ಅದನ್ನೇ ಉಂಡು ಎದ್ದಿದ್ದಾರೆ."

ಸಭೆ ಗೊಳ್ಳೆಂದಿತು. ಅರಸ ಮೊದಲು ನಾಚಿದ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ.

"ಇವತ್ತೇ ಮತ್ತೆ ಔತಣವಾಗಲಿ. ಎಲೆಯನ್ನು ಎಲೆಯಿಂದಲೇ ಅಳೆಯಿರಿ. ಬಡಿಸುವವನು ನರಹರಯ್ಯ, ಕೊನೆಯ ಆಳು ಸಾಕೆನ್ನುವ ತನಕ ಆ ಒದ್ದೆ ಪಂಚೆ ಬದಲಿಸುವಂತಿಲ್ಲ."